ಜೋಡಿನ ಅಂಟು, ರಕ್ತದ ಲೆಕ್ಕ

ಕಾಲಿನ ಜೋಡು ಹೊಲಿಗೆಯನ್ನು ಬಿಟ್ಟು ಅಂಟಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ಅಟ್ಟೆಯನ್ನೂ ಮೇಲಿನ ಚರ್ಮವನ್ನೂ ಕೂಡಿಸುತ್ತಿದ್ದದ್ದು ಮೇಣ ಸವರಿದ ದಾರ ಮತ್ತು ಸಣ್ಣ ಮೊಳೆ. ಒಳಪದರಗಳಿಗೆ ಹಿಟ್ಟಿನ ಸರಿ ಸಾಕಾಗುತ್ತಿತ್ತು. ರಬ್ಬರ್ ಅಟ್ಟೆ ಬಂದಮೇಲೆ ರಬ್ಬರನ್ನೇ ಕರಗಿಸಿ ಬಳಿಯುವ ಅಂಟು ಬಂತು. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಸಲ್ಯೂಷನ್ ಎಂದು ಕರೆಯುವುದು ಇದರ ಬಳಗದ್ದೇ. ಎರಡೂ ಕಡೆ ಕುಂಚದಿಂದ ಬಳಿಯಬೇಕು, ಕೆಲವು ನಿಮಿಷ ಆರಲು ಬಿಡಬೇಕು, ಒತ್ತಬೇಕು. ದಿನವಿಡೀ ಹೊಲಿದು ಮುಗಿಸುತ್ತಿದ್ದಷ್ಟು ಜೋಡುಗಳನ್ನು ಕೆಲವೇ ಗಂಟೆಗಳಲ್ಲಿ ಅಂಟಿಸಬಹುದು, ಹೊಲಿಗೆಯ ಪಳಗಿದ ಕೈಯೂ ಬೇಡ. ರಬ್ಬರನ್ನು ಕರಗಿಸಲು ಹಲವು ದ್ರವಗಳಿದ್ದರೂ ಬೆಂಜೀನಿನಷ್ಟು ಸಲೀಸಾಗಿ ಕರಗಿಸುವಂಥದ್ದು ಕಡಿಮೆ. ಅದು ಕುದಿಯುವುದು 80 ಡಿಗ್ರಿಯಲ್ಲಿ, ಆದ್ದರಿಂದ ಬೇಗ ಆರುತ್ತದೆ. ಕಲ್ಲಿದ್ದಲನ್ನು ಕೋಕ್ ಮಾಡುವ ಕುಲುಮೆಗಳಲ್ಲಿ ಉಪ ಉತ್ಪನ್ನವಾಗಿ ಸಿಗುತ್ತಿದ್ದುದರಿಂದ ಅಗ್ಗವೂ ಆಗಿತ್ತು. ವ್ಯಾಪಾರಿಗೆ ಇಷ್ಟವಾದ ಈ ಬೇಗ ಆರುವ ಗುಣವೇ ಕೆಲಸಗಾರನಿಗೆ ಮುಳುವಾಯಿತು. ಆರುವುದೆಂದರೆ ಡಬ್ಬಿಯಲ್ಲಿದ್ದ ಬೆಂಜೀನ್ ಪೂರ್ತಿಯಾಗಿ ಕೋಣೆಯ ಗಾಳಿಗೆ ಸೇರುವುದು, ಅಲ್ಲಿಂದ ಅಲ್ಲಿ ಕೂತವನ ಶ್ವಾಸಕೋಶಕ್ಕೆ ಇಳಿಯುವುದು.

ಬೆಂಜೀನ್ ಅಸ್ಥಿಮಜ್ಜೆಯನ್ನು ಹಾಳುಮಾಡುತ್ತದೆ, ಒಂದು ಬಗೆಯ ರಕ್ತಕ್ಯಾನ್ಸರನ್ನು ತರುತ್ತದೆ ಎಂಬುದರಲ್ಲಿ ಇಂದು ತಕರಾರಿಲ್ಲ. ತಕರಾರು ಉಳಿದಿರುವುದು ಅದರ ನೆಂಟನಾದ ಲಿಂಫೋಮಾದ ಬಗ್ಗೆ, ಅಂದರೆ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಜಾತಿ ಕೆಟ್ಟು ದುಗ್ಧಗ್ರಂಥಿಗಳಲ್ಲಿ ಬೆಳೆಯುವ ಕ್ಯಾನ್ಸರಿನ ಬಗ್ಗೆ. ಅರ್ಧ ಶತಮಾನದ ಅಧ್ಯಯನಗಳ ಬಳಿಕವೂ ಬೆಂಜೀನಿಗೂ ಲಿಂಫೋಮಾಕ್ಕೂ ಇರುವ ನಂಟಿಗೆ ಪುರಾವೆ ಸೀಮಿತ ಎಂದೇ ಅಧಿಕೃತ ತೀರ್ಪು. ಈ ಸೀಮಿತ ಎನ್ನುವುದನ್ನು ಹೆಚ್ಚಿನವರು ರಾಸಾಯನಿಕದ ಸ್ವಭಾವದ ಬಗೆಗಿನ ಮಾತಾಗಿ ಓದುತ್ತಾರೆ. ಜೋಡು ಮಾಡುವ ಕಸುಬಿನ ಇತಿಹಾಸವನ್ನು ಇಟ್ಟುಕೊಂಡು ನೋಡಿದರೆ ಅದು ಬಹುಪಾಲು ಎಣಿಕೆಯ ಬಗೆಗಿನ ಮಾತು ಎಂಬುದು ನನ್ನ ವಾದ. ಯಾರನ್ನು ಎಣಿಸಿದರು, ಯಾವ ಕಾಯಿಲೆಯನ್ನು ಯಾವ ಹೆಸರಿನಡಿ ಬರೆದುಕೊಂಡರು, ಅತಿ ಹೆಚ್ಚು ಉಸಿರಾಡಿದವರು ಯಾವ ಪುಸ್ತಕದಲ್ಲೂ ಏಕೆ ದಾಖಲಾಗಲಿಲ್ಲ ಎನ್ನುವುದರಲ್ಲಿ ಆ ಸೀಮಿತತೆಯ ಬೇರಿದೆ. ಇನ್ನೊಂದು ಸಂಗತಿಯೂ ಇದೆ. ಈ ಕಸುಬಿನಿಂದ ಬೆಂಜೀನನ್ನು ಹೊರಹಾಕಿದ ಊರುಗಳು ಯಾವುವೂ ಸಂಪೂರ್ಣ ಪುರಾವೆಗೆ ಕಾಯಲಿಲ್ಲ.

ಮೈಕೆಲ್ ಫ್ಯಾರಡೆ ಬೆಂಜೀನನ್ನು ಬೇರ್ಪಡಿಸಿದ್ದು 1825ರಲ್ಲಿ. ಅದು ಕೆಲಸಗಾರರನ್ನು ಕೊಂದ ಮೊದಲ ಸ್ಪಷ್ಟ ವರದಿ 1897ರದು. ಸ್ವೀಡನ್ನಿನ ಉಪ್ಸಾಲಾದ ಸೈಕಲ್ ಟೈರ್ ಕಾರ್ಖಾನೆಯಲ್ಲಿ ರಬ್ಬರ್ ಅಂಟಿನ ಕೆಲಸ ಮಾಡುತ್ತಿದ್ದ ಯುವತಿಯರ ಮೈಮೇಲೆ ರಕ್ತದ ಕಲೆಗಳು ಮೂಡಿದವು, ವಸಡಿನಲ್ಲಿ ರಕ್ತ ಒಸರಿತು, ನಾಲ್ವರು ಸತ್ತರು. ಸಾಂಟೆಸನ್ ಎಂಬ ವಿಜ್ಞಾನಿ ಅದನ್ನು ಬರೆದಿಟ್ಟರು. 1910ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಗಡಿನ ಡಬ್ಬಿಗಳ ಕಾರ್ಖಾನೆಯ ಹುಡುಗಿಯರಲ್ಲಿ ಅದೇ ಲಕ್ಷಣಗಳನ್ನು ಲಾರೆನ್ಸ್ ಸೆಲ್ಲಿಂಗ್ ಎಂಬ ವೈದ್ಯರು ಕಂಡರು. ಮೊಲಗಳಿಗೆ ಬೆಂಜೀನ್ ಕೊಟ್ಟು ಅವುಗಳ ಬಿಳಿ ರಕ್ತಕಣಗಳು ನೆಲಕಚ್ಚುವುದನ್ನೂ ತೋರಿಸಿದರು. ಇದರ ಮುಂದಿನ ತಿರುವು ವಿಚಿತ್ರ. ಬಿಳಿ ಕಣಗಳನ್ನು ಇಷ್ಟು ಚೆನ್ನಾಗಿ ಕೊಲ್ಲುವ ವಸ್ತುವನ್ನು ಬಿಳಿ ಕಣಗಳು ಅತಿಯಾಗುವ ಕಾಯಿಲೆಗೆ ಮದ್ದಾಗಿ ಏಕೆ ಕೊಡಬಾರದು ಎಂದುಕೊಂಡು 1912ರಲ್ಲಿ ಬುಡಾಪೆಸ್ಟ್‌ನ ಕೊರಾನಿ ಎಂಬ ವೈದ್ಯರು ರಕ್ತಕ್ಯಾನ್ಸರ್ ರೋಗಿಗಳಿಗೆ ಬೆಂಜೀನನ್ನೇ ಕೊಟ್ಟರು. ಆ ಚಿಕಿತ್ಸೆ ಕೆಲವು ವರ್ಷ ಚಾಲ್ತಿಯಲ್ಲಿತ್ತು. ಮುಂದೆ ಯಾವ ಕಾಯಿಲೆಯನ್ನು ತರುತ್ತದೆಂದು ಸಾಬೀತಾಯಿತೋ ಅದಕ್ಕೇ ಔಷಧವಾಗಿ ನಿಂತ ಈ ಘಟ್ಟವನ್ನು ವೈದ್ಯಶಾಸ್ತ್ರ ಹೆಚ್ಚು ನೆನಪಿಸಿಕೊಳ್ಳುವುದಿಲ್ಲ.

ಬೆಂಜೀನ್ ಅಗ್ಗವಾದದ್ದಕ್ಕೆ ಮೊದಲ ಮಹಾಯುದ್ಧವೂ ಕಾರಣ. ಟಿಎನ್‌ಟಿ ಸಿಡಿಮದ್ದಿಗೆ ಟಾಲ್ವೀನ್ ಬೇಕಾಗಿತ್ತು. ಅದನ್ನು ಕೋಕ್ ಕುಲುಮೆಗಳಿಂದ ಹಿಡಿದಿಟ್ಟುಕೊಳ್ಳುವಾಗ ಬೆಂಜೀನ್ ಜೊತೆಯಲ್ಲೇ ಬರುತ್ತಿತ್ತು. ಯುದ್ಧ ಮುಗಿದಮೇಲೆ ರಾಶಿಬಿದ್ದ ಬೆಂಜೀನಿಗೆ ಗಿರಾಕಿ ಬೇಕಲ್ಲ. ರಬ್ಬರ್, ಕೃತಕ ಚರ್ಮ, ಬಣ್ಣ, ಅಂಟುಗಳ ಕಾರ್ಖಾನೆಗಳು ಗಿರಾಕಿಗಳಾದವು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಮೊದಲ ಮಹಿಳೆ ಅಲಿಸ್ ಹ್ಯಾಮಿಲ್ಟನ್ 1922ರಲ್ಲೇ ಈ ಹೊಸ ಅಪಾಯದ ಬಗ್ಗೆ ಅಮೆರಿಕದ ವೈದ್ಯರನ್ನು ಎಚ್ಚರಿಸಿದರು. ಎಚ್ಚರಿಕೆಗೆ ಉತ್ತರವಾಗಿ ಬಂದದ್ದು ಮಿತಿಗಳ ಸಾಲು. 1946ರಲ್ಲಿ ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರು ಸೂಚಿಸಿದ ಮಿತಿ ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲು ಬೆಂಜೀನ್, ಅಂದರೆ 100 ಪಿಪಿಎಂ. ಮರುವರ್ಷ ಅದು 50, ಅದರ ಮರುವರ್ಷ 35. ಅದೇ 1948ರಲ್ಲಿ ಅಮೆರಿಕದ ಪೆಟ್ರೋಲಿಯಂ ಉದ್ಯಮದ ಸಂಸ್ಥೆಗಾಗಿ ಹಾರ್ವರ್ಡ್‌ನ ಫಿಲಿಪ್ ಡ್ರಿಂಕರ್ ಸಿದ್ಧಪಡಿಸಿದ ವರದಿ, ಮೈಗೆ ಬೆಂಜೀನನ್ನು ತಾಳಿಕೊಳ್ಳುವ ಅಭ್ಯಾಸ ಆಗುವುದಿಲ್ಲವಾದ್ದರಿಂದ ಸಂಪೂರ್ಣ ಸುರಕ್ಷಿತ ಪ್ರಮಾಣವೆಂದರೆ ಸೊನ್ನೆ ಮಾತ್ರ ಎಂಬುದು ಸಾಮಾನ್ಯ ಅಭಿಪ್ರಾಯವೆಂದು ಬರೆಯಿತು. ಬರೆಸಿದವರು ಬೆಂಜೀನ್ ಮಾರುವವರು ಎಂಬುದನ್ನು ಗಮನಿಸಬೇಕು. ಅವರ ಕಪಾಟಿನಲ್ಲಿ ಸೊನ್ನೆ ಇತ್ತು, ಕಾರ್ಖಾನೆಯ ಗೋಡೆಯ ಮೇಲೆ 35 ಇತ್ತು.

ಜಪಾನಿನಲ್ಲಿ ಈ ಕಥೆಗೆ ಸಿನಿಮಾದ ನಂಟಿದೆ. 1950ರ ದಶಕದ ನಡುವೆ ನಟಿ ಆಡ್ರಿ ಹೆಪ್‌ಬರ್ನ್ ತೊಟ್ಟಿದ್ದಂಥ ಹಿಂಬದಿಯಿಲ್ಲದ ಚಪ್ಪಲಿ ಅಲ್ಲಿ ಹುಚ್ಚೆಬ್ಬಿಸಿತು, ಜನ ಅದನ್ನು ಹೆಪ್ ಸ್ಯಾಂಡಲ್ ಎಂದೇ ಕರೆದರು. ಅವನ್ನು ಅಂಟಿಸುತ್ತಿದ್ದದ್ದು ಕಾರ್ಖಾನೆಯಲ್ಲಲ್ಲ, ಟೋಕಿಯೊದಂಥ ನಗರಗಳ ಇಕ್ಕಟ್ಟಾದ ಮನೆಗಳಲ್ಲಿ, ಬಹುಮಟ್ಟಿಗೆ ಹೆಂಗಸರು, ಜೋಡಿಗೆ ಇಷ್ಟು ಎಂಬ ಕೂಲಿಗೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೆಂಜೀನ್ ಅಂಟು. ರಕ್ತಹೀನತೆಯಿಂದ ಸಾವುಗಳಾದಮೇಲೆ ಕಾರ್ಮಿಕ ಸಚಿವಾಲಯ 1959ರಲ್ಲಿ ಬೆಂಜೀನ್ ಬೆರೆತ ರಬ್ಬರ್ ಅಂಟನ್ನು ನಿಷೇಧಿಸಿತು. ಆಗ ಬೆಂಜೀನಿಗೂ ರಕ್ತಕ್ಯಾನ್ಸರಿಗೂ ಇರುವ ನಂಟನ್ನು ಯಾರೂ ಅಂಕಿಗಳಲ್ಲಿ ಸಾಬೀತು ಮಾಡಿರಲಿಲ್ಲ. ಲಿಂಫೋಮಾದ ಮಾತಂತೂ ದೂರವೇ ಉಳಿಯಿತು. ಮನೆಯೊಳಗೆ ಕೆಲಸ ಮಾಡುವವರು ಕಾನೂನಿನ ಕಣ್ಣಿಗೆ ಕಾರ್ಮಿಕರೇ ಅಲ್ಲದಿದ್ದುದು ದೊಡ್ಡ ತೊಡಕಾಗಿ ಕಂಡದ್ದರಿಂದ, ಈ ಸಾವುಗಳು ಎಬ್ಬಿಸಿದ ಗದ್ದಲ 1970ರಲ್ಲಿ ಮನೆಯಲ್ಲೇ ದುಡಿಯುವ ಕಾರ್ಮಿಕರಿಗೆಂದೇ ಪ್ರತ್ಯೇಕ ಕಾಯ್ದೆ ಬರುವವರೆಗೂ ನಡೆಯಿತು.

ಇಟಲಿಯಲ್ಲಿ ಮಿಲಾನ್‌ನ ಔದ್ಯೋಗಿಕ ರೋಗಗಳ ಆಸ್ಪತ್ರೆ 1910ರಿಂದ ಇತ್ತು. ಅಲ್ಲಿನ ಎನ್ರಿಕೊ ವಿಲ್ಯಾನಿ ಬೆಂಜೀನಿನಿಂದ ರಕ್ತ ಕೆಟ್ಟವರನ್ನು ದಶಕಗಟ್ಟಲೆ ನೋಡಿದರು, ಅವರಲ್ಲಿ ಮುದ್ರಣಾಲಯಗಳ ಕೆಲಸಗಾರರು ಇದ್ದರು, ಜೋಡು ಅಂಟಿಸುವವರೂ ಇದ್ದರು. ಮಿಲಾನ್‌ಗೆ ಹತ್ತಿರದ ಪಾವಿಯಾ ಪ್ರಾಂತ್ಯದಲ್ಲಿ ವಿಜೇವನೊ ಎಂಬ ಊರಿಗೆ ಊರೇ ಜೋಡಿನ ಕಸುಬಿನಲ್ಲಿತ್ತು. 1959ರಿಂದ 1974ರ ನಡುವೆ ಪಾವಿಯಾದಲ್ಲಿ ದಾಖಲಾದ 135 ಬೆಂಜೀನ್ ರೋಗಿಗಳಲ್ಲಿ 13 ಜನಕ್ಕೆ ರಕ್ತಕ್ಯಾನ್ಸರ್ ಆಗಿತ್ತು. ಆದರೆ ಇಟಲಿಯ ಸಂಸತ್ತು ಈ ಪಟ್ಟಿ ಪೂರ್ತಿಯಾಗುವವರೆಗೆ ಕೂತಿರಲಿಲ್ಲ. 1963ರ ಮಾರ್ಚ್‌ನಲ್ಲೇ ಅಂಟು, ಶಾಯಿ, ದ್ರಾವಕಗಳಲ್ಲಿ ಬೆಂಜೀನ್ ಶೇ. 2ನ್ನು ಮೀರಬಾರದೆಂದು ಕಾನೂನು ಮಾಡಿತ್ತು. ಅಮೆರಿಕ ಆ ವೇಳೆಗೆ 25 ಪಿಪಿಎಂ ಸರಿಯೋ ಅಲ್ಲವೋ ಎಂಬ ಚರ್ಚೆಯಲ್ಲಿತ್ತು.

ಈ ಇತಿಹಾಸದ ಮುಖ್ಯ ಅಧ್ಯಾಯ ಇಸ್ತಾಂಬುಲ್. ಅಲ್ಲಿನ ಜೋಡು, ಚರ್ಮದ ಚೀಲಗಳ ಕಸುಬು ನಡೆಯುತ್ತಿದ್ದದ್ದು ಹಳೆಯ ಕಟ್ಟಡಗಳ ಸಣ್ಣ ಕೋಣೆಗಳಲ್ಲಿ. ಗಾಳಿಯಾಡುವ ಏರ್ಪಾಡು ಎಂಬುದೇ ಇರಲಿಲ್ಲ. 1950ರ ದಶಕದ ಕೊನೆಯ ಹೊತ್ತಿಗೆ ಪೆಟ್ರೋಲಿಯಂ ದ್ರಾವಕದ ಅಂಟಿನ ಜಾಗಕ್ಕೆ ಬೆಂಜೀನ್ ಅಂಟು ಬಂದು ನೆಲೆಸಿತು. ಮುಜಾಫರ್ ಅಕ್ಸೊಯ್ ಆಗ ರಕ್ತರೋಗ ತಜ್ಞರಾಗಿ ಹೆಸರು ಮಾಡಿದ್ದರು. ಟರ್ಕಿಯ ದಕ್ಷಿಣ ಕರಾವಳಿಯ ಜನರಲ್ಲಿ ಕುಡುಗೋಲು ಕಣ ರೋಗವನ್ನು ಗುರುತಿಸಿದ್ದವರು ಅವರೇ. 1960ರ ದಶಕದ ಆರಂಭದಿಂದ ಅವರ ವಾರ್ಡಿಗೆ ಮೂರೂ ಬಗೆಯ ರಕ್ತಕಣಗಳು ಒಟ್ಟಿಗೆ ಕುಸಿದ ರೋಗಿಗಳು ಬರತೊಡಗಿದರು. ಕಸುಬು ಕೇಳಿದರೆ ಮತ್ತೆ ಮತ್ತೆ ಬರುತ್ತಿದ್ದ ಉತ್ತರ ಜೋಡು. ಅಕ್ಸೊಯ್ ಮಾಡಿದ ಒಳ್ಳೆಯ ಕೆಲಸವೆಂದರೆ ಆಸ್ಪತ್ರೆಯಲ್ಲೇ ಕೂರದೆ ಆ ಕೋಣೆಗಳಿಗೆ ಹೋದದ್ದು. ಮೇಲುನೋಟಕ್ಕೆ ಆರೋಗ್ಯವಾಗಿದ್ದ 217 ಕೆಲಸಗಾರರ ರಕ್ತವನ್ನು ಅವರ ತಂಡ ಪರೀಕ್ಷಿಸಿತು. 51 ಜನರಲ್ಲಿ, ಅಂದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಲ್ಲಿ, ಏರುಪೇರು ಕಂಡಿತು. ಗಾಳಿಯನ್ನು ಅಳೆದಾಗ ಅಂಟು ಬಳಿಯದ ಹೊತ್ತಿನಲ್ಲೇ 150ರಿಂದ 210 ಪಿಪಿಎಂ, ಬಳಿಯುವಾಗ 650ರವರೆಗೆ. 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ 1967ರಿಂದ 1973ರ ನಡುವಿನ 26 ರಕ್ತಕ್ಯಾನ್ಸರ್ ಮತ್ತು ಅದರ ಪೂರ್ವಸ್ಥಿತಿಯ ಪ್ರಕರಣಗಳನ್ನು ಅವರು ಮುಂದಿಟ್ಟರು. ಆ ಕಸುಬಿನಲ್ಲಿದ್ದವರು ಸುಮಾರು 28,500. ವರ್ಷಕ್ಕೆ ಲಕ್ಷಕ್ಕೆ 13 ಎಂದಾಯಿತು. ಸಾಮಾನ್ಯ ಜನರಲ್ಲಿ ಅವರು ಹಿಡಿದ ಲೆಕ್ಕ 6.

ಈ ಲೆಕ್ಕದಲ್ಲಿ ತೂತುಗಳಿವೆ, ಮುಚ್ಚಿಡುವುದು ಬೇಡ. ಅಕ್ಸೊಯ್ ಎಣಿಸಿದ್ದು ಆಸ್ಪತ್ರೆಗೆ ಬಂದವರನ್ನು. ಹಳ್ಳಿಗೆ ಮರಳಿ ಅಲ್ಲೇ ತೀರಿಕೊಂಡವರು ಅವರ ಪುಸ್ತಕದಲ್ಲಿಲ್ಲ. ಕಸುಬಿನ ಒಟ್ಟು ಸಂಖ್ಯೆ ಅಂದಾಜು. ಹೋಲಿಕೆಯ ಜನಸಂಖ್ಯೆ ಟರ್ಕಿಯದಲ್ಲ. ಆದರೂ ಅದರ ಮುಂದಿನದನ್ನು ನೋಡಬೇಕು. 1969ರಿಂದ ಬೆಂಜೀನ್ ಅಂಟು ಆ ಕಸುಬಿನಿಂದ ಮೆಲ್ಲಗೆ ಹಿಂದೆ ಸರಿಯಿತು. ಕೆಲವು ವರ್ಷ ತಡವಾಗಿ, 1970ರ ದಶಕದ ನಡುವೆ, ಜೋಡಿನ ಕೆಲಸಗಾರರಲ್ಲಿ ರಕ್ತಕ್ಯಾನ್ಸರಿನ ಹೊಸ ಪ್ರಕರಣಗಳೂ ಇಳಿದವು. ಕಾರಣವನ್ನು ತೆಗೆದಾಗ ಪರಿಣಾಮ ಹಿಂಬಾಲಿಸಿ ಇಳಿಯುವುದಕ್ಕಿಂತ ಗಟ್ಟಿಯಾದ ಸಾಕ್ಷಿ ಮನುಷ್ಯರ ನಡುವೆ ಸಿಗುವುದು ಅಪರೂಪ. ಆ ಸಾಕ್ಷಿ ಸಿಕ್ಕಿದ್ದು ಅಂಟನ್ನು ಬದಲಿಸಿದ ನಂತರ, ಬದಲಿಸಿದ್ದರಿಂದಲೇ.

ಅದೇ 1974ರಲ್ಲಿ ಅಕ್ಸೊಯ್ ಇನ್ನೊಂದು ಚಿಕ್ಕ ಲೇಖನ ಬರೆದರು. ಬೆಂಜೀನನ್ನು ದೀರ್ಘಕಾಲ ಉಸಿರಾಡಿದ ಆರು ಜನರಲ್ಲಿ ಹಾಡ್ಜ್‌ಕಿನ್ ಕಾಯಿಲೆ ಕಂಡಿದೆ, ಇದೂ ಬೆಂಜೀನಿನ ಕೆಲಸವಿರಬಹುದೇ ಎಂಬುದು ಅದರ ಪ್ರಶ್ನೆ. ಹಾಡ್ಜ್‌ಕಿನ್ ಲಿಂಫೋಮಾದ ಒಂದು ಬಗೆ. ರಕ್ತಕ್ಯಾನ್ಸರಿನ ಲೇಖನವನ್ನು ಜಗತ್ತು ಓದಿತು, ಇದು ಮೂಲೆಗೆ ಬಿತ್ತು. ಅದಕ್ಕೆ ಕಾರಣ ಬರೀ ಉದಾಸೀನ ಅಲ್ಲ. ಬೆಂಜೀನ್ ತರುವ ತೀವ್ರ ರಕ್ತಕ್ಯಾನ್ಸರ್ ಅಪರೂಪದ್ದು, ವೇಗವಾಗಿ ಕೊಲ್ಲುವಂಥದ್ದು. ಒಂದೇ ಬೀದಿಯಲ್ಲಿ ಮೂರು ಜನಕ್ಕೆ ಬಂದರೆ ಕಣ್ಣಿಗೆ ಹೊಡೆಯುತ್ತದೆ. ಲಿಂಫೋಮಾ ಹಾಗಲ್ಲ. ಅದು ಹೆಚ್ಚು ಜನಕ್ಕೆ ಬರುತ್ತದೆ, ಹತ್ತಿಪ್ಪತ್ತು ವರ್ಷ ತಡವಾಗಿ ಬರಬಹುದು, ಅಷ್ಟರಲ್ಲಿ ಕೆಲಸಗಾರ ಕಸುಬನ್ನೇ ಬದಲಿಸಿರುತ್ತಾನೆ, ಕತ್ತಿನ ಗಡ್ಡೆಯನ್ನು ನೋಡಿದ ವೈದ್ಯ ಹಳೆಯ ಅಂಟಿನ ಡಬ್ಬಿಯ ಬಗ್ಗೆ ಕೇಳುವುದಿಲ್ಲ. ಹೆಸರುಗಳ ಗೋಜಲು ಬೇರೆ. ಆ ಕಾಲದ ಮರಣ ಪತ್ರಗಳಲ್ಲಿ ಲಿಂಫೋಸಾರ್ಕೋಮಾ, ರೆಟಿಕ್ಯುಲಂ ಕಣದ ಸಾರ್ಕೋಮಾ ಎಂಬ ಹೆಸರುಗಳಿದ್ದವು. ಇಂದು ಅವು ಬಳಕೆಯಲ್ಲಿಲ್ಲ. ಲಿಂಫೋಸೈಟಿನ ದೀರ್ಘಕಾಲದ ರಕ್ತಕ್ಯಾನ್ಸರನ್ನು ದಶಕಗಟ್ಟಲೆ ಲ್ಯುಕೇಮಿಯಾದ, ಅಂದರೆ ರಕ್ತಕ್ಯಾನ್ಸರಿನ, ಸಾಲಿಗೆ ಬರೆದರು, ಮೈಲೋಮಾ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರನ್ನು ಪ್ರತ್ಯೇಕವಾಗಿಟ್ಟರು. ಈಗಿನ ವರ್ಗೀಕರಣದಲ್ಲಿ ಇವೆಲ್ಲ ಲಿಂಫೋಸೈಟ್ ಜಾತಿಯ ಒಂದೇ ಕುಟುಂಬದವು. ಒಂದೇ ಮನೆಯವರನ್ನು ನಾಲ್ಕು ಊರಿನ ಪಟ್ಟಿಗಳಲ್ಲಿ ಹಂಚಿ ಬರೆದಮೇಲೆ ಆ ಮನೆಯಲ್ಲಿ ಜನ ಕಡಿಮೆ ಎನ್ನುವುದು ಸುಲಭ. 1979ರಲ್ಲಿ ನ್ಯೂಯಾರ್ಕ್ ರಾಜ್ಯದ ಮರಣ ದಾಖಲೆಗಳನ್ನು ಜಾಲಾಡಿದವರು ಬೆಂಜೀನಿನ ನಂಟಿರುವ ಕಸುಬುಗಳ ಗಂಡಸರಲ್ಲಿ ಲಿಂಫೋಮಾ ಸಾವುಗಳು ಹೆಚ್ಚಿರುವುದನ್ನು ತೋರಿಸಿದರು, ಆದರೂ ಪ್ರಶ್ನೆ ಬಗೆಹರಿಯಲಿಲ್ಲ.

ಅಮೆರಿಕ ಅಷ್ಟರಲ್ಲಿ ತನ್ನದೇ ಲೆಕ್ಕದಲ್ಲಿ ಮುಳುಗಿತ್ತು. ಒಹಾಯೊ ರಾಜ್ಯದಲ್ಲಿ ಪ್ಲಯೊಫಿಲ್ಮ್ ಎಂಬ ಪಾರದರ್ಶಕ ಹಾಳೆ ತಯಾರಾಗುತ್ತಿತ್ತು. ರಬ್ಬರನ್ನು ಬೆಂಜೀನಿನಲ್ಲಿ ಕರಗಿಸಿ, ಹೈಡ್ರೊಕ್ಲೋರಿಕ್ ಆಮ್ಲದ ಅನಿಲ ಹಾಯಿಸಿ, ತೆಳುವಾಗಿ ಹರಡಿ ಆರಿಸಿದರೆ ಆ ಹಾಳೆ. ಪೀಟರ್ ಇನ್‌ಫಾಂಟೆ ಮತ್ತು ಸಂಗಡಿಗರು 1940ರ ದಶಕದಲ್ಲಿ ಅಲ್ಲಿ ದುಡಿದ 748 ಜನರನ್ನು ಹಿಂಬಾಲಿಸಿ ಏಳು ರಕ್ತಕ್ಯಾನ್ಸರ್ ಸಾವುಗಳನ್ನು 1977ರಲ್ಲಿ ವರದಿ ಮಾಡಿದರು. ನಿರೀಕ್ಷೆಗಿಂತ ಕನಿಷ್ಠ ಐದು ಪಟ್ಟು. ಹತ್ತು ವರ್ಷಗಳ ನಂತರದ ಎಣಿಕೆಯಲ್ಲಿ ನಾಲ್ಕು ಮೈಲೋಮಾ ಸಾವುಗಳೂ ಕಂಡವು, ಸುಮಾರು ಒಂದು ಇರಬೇಕಿದ್ದ ಜಾಗದಲ್ಲಿ. ಈ ಎಣಿಕೆಗಳಲ್ಲಿದ್ದವರು ಬಿಳಿಯ ಗಂಡಸರು ಮಾತ್ರ. ಸರ್ಕಾರದ ಕಾರ್ಮಿಕ ಸುರಕ್ಷತಾ ಇಲಾಖೆ 10 ಪಿಪಿಎಂ ಇದ್ದ ಮಿತಿಯನ್ನು 1978ರಲ್ಲಿ 1ಕ್ಕೆ ಇಳಿಸಿತು. ಪೆಟ್ರೋಲಿಯಂ ಉದ್ಯಮ ಕೋರ್ಟಿಗೆ ಹೋಯಿತು. 1980ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 10 ಪಿಪಿಎಂನಲ್ಲಿ ಗಣನೀಯ ಅಪಾಯವಿದೆ ಎಂದು ಇಲಾಖೆ ಮೊದಲು ತೋರಿಸಬೇಕಿತ್ತೆಂದು ಆ ಮಿತಿಯನ್ನು ರದ್ದು ಮಾಡಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತ ಬರೆದರು. ಅದೇ 1 ಪಿಪಿಎಂ ಮಿತಿ ಮರಳಿ ಬಂದದ್ದು 1987ರಲ್ಲಿ. ಈ ವಿಳಂಬದ ಬೆಲೆ 30ರಿಂದ 490 ರಕ್ತಕ್ಯಾನ್ಸರ್ ಸಾವುಗಳೆಂದು ಮುಂದೆ ಇಬ್ಬರು ವೈದ್ಯವಿಜ್ಞಾನಿಗಳು ಅಂದಾಜು ಮಾಡಿದರು. ಅಂದಾಜಿನ ಎರಡು ತುದಿಗಳ ನಡುವೆ ಎಷ್ಟು ಅಂತರ! ಆ ಅಂತರವನ್ನು ಹಿಡಿದು ಅಂದಾಜೇ ಸುಳ್ಳೆನ್ನುವವರೂ ಇದ್ದಾರೆ. ಕೆಳತುದಿಯಲ್ಲಿರುವುದೂ ಸೊನ್ನೆಯಲ್ಲ ಎಂಬುದಷ್ಟೇ ಅದಕ್ಕೆ ಉತ್ತರ.

ಲಿಂಫೋಮಾದ ಪ್ರಶ್ನೆಗೆ ದೊಡ್ಡ ಸಂಖ್ಯೆಯ ಉತ್ತರ ಬಂದದ್ದು ಚೀನಾದಿಂದ. ಹನ್ನೆರಡು ನಗರಗಳಲ್ಲಿ 1972ರಿಂದ 1987ರ ನಡುವೆ ಬೆಂಜೀನಿನ ಸಂಪರ್ಕದಲ್ಲಿ ದುಡಿದ 74,828 ಕೆಲಸಗಾರರನ್ನೂ ಸಂಪರ್ಕವಿಲ್ಲದ 35,805 ಜನರನ್ನೂ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ಒಟ್ಟಿಗೆ ಅಭ್ಯಾಸ ಮಾಡಿದರು. ಬಣ್ಣ, ರಬ್ಬರ್, ಮುದ್ರಣ, ಜೋಡು, ಎಲ್ಲ ಕಸುಬುಗಳವರೂ ಅದರಲ್ಲಿದ್ದರು, ಹೆಂಗಸರೂ ಇದ್ದರು. 1997ರ ವರದಿಯ ಪ್ರಕಾರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಜೀನಿನೊಡನೆ ದುಡಿದವರಲ್ಲಿ ಹಾಡ್ಜ್‌ಕಿನೇತರ ಲಿಂಫೋಮಾದ ಅಪಾಯ 4.2 ಪಟ್ಟು. ಕೆಲವು ವರ್ಷಗಳ ನಂತರ, 2004ರಲ್ಲಿ, ತಿಯಾಂಜಿನ್ ಹತ್ತಿರದ ಜೋಡಿನ ಕಾರ್ಖಾನೆಗಳ 250 ಕೆಲಸಗಾರರ ರಕ್ತಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಅಮೆರಿಕ ಮಿತಿಯಾಗಿ ಇಟ್ಟ 1 ಪಿಪಿಎಂಗಿಂತ ಕಡಿಮೆ ಬೆಂಜೀನ್ ಉಸಿರಾಡುತ್ತಿದ್ದವರಲ್ಲೂ ಬಿಳಿ ಕಣಗಳು ಕುಗ್ಗಿದ್ದವು, ಅವುಗಳಲ್ಲಿ ಬಿ ಲಿಂಫೋಸೈಟ್‌ಗಳೂ ಇದ್ದವು. ಬಹುಪಾಲು ಲಿಂಫೋಮಾಗಳು ಹುಟ್ಟುವುದು ಈ ಬಿ ಕಣಗಳಲ್ಲೇ. ಕಣ ಕುಗ್ಗಿತೆಂದರೆ ಕ್ಯಾನ್ಸರ್ ಬಂತು ಎಂದಲ್ಲ. ಬೆಂಜೀನ್ ಆ ಕಣದ ಹತ್ತಿರವೇ ಹೋಗುವುದಿಲ್ಲ ಎಂಬ ವಾದಕ್ಕೆ ಮಾತ್ರ ಅಲ್ಲಿಗೆ ಕೊನೆಯಾಯಿತು.

ಎದುರುವಾದ ದುರ್ಬಲವಾದದ್ದೇನಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ಇಟಲಿ, ಫಿನ್‌ಲೆಂಡ್‌ಗಳ ಪೆಟ್ರೋಲಿಯಂ ಕೆಲಸಗಾರರ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ 3,08,199 ಜನರಾದರು. ಸುಮಾರು 562 ಹಾಡ್ಜ್‌ಕಿನೇತರ ಲಿಂಫೋಮಾ ಸಾವುಗಳನ್ನು ನಿರೀಕ್ಷಿಸಿದ್ದ ಕಡೆ 506 ಕಂಡವು, ಅಂದರೆ ಕಡಿಮೆಯೇ. ಚೀನಾದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡ ಅಧ್ಯಯನ ಹೀಗೆ ಹೇಳುವಾಗ ಚಿಕ್ಕದನ್ನು ನಂಬಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ ಆ ಜನರು ಯಾರು ಎಂಬುದರಲ್ಲಿದೆ. ಪೆಟ್ರೋಲಿಯಂ ಸಂಸ್ಕರಣಾಗಾರ ತೆರೆದ ಬಯಲಿನ ಕೊಳವೆಗಳ ಲೋಕ. ಅಲ್ಲಿನ ಹೆಚ್ಚಿನವರು ಉಸಿರಾಡುವ ಬೆಂಜೀನ್ ಇಸ್ತಾಂಬುಲ್‌ನ ಕೋಣೆಯದರ ಒಂದು ಸಣ್ಣ ಪಾಲು. ಅವರನ್ನು ಹೋಲಿಸಿದ್ದು ದೇಶದ ಒಟ್ಟು ಜನರೊಡನೆ. ಆ ಒಟ್ಟಿನಲ್ಲಿ ಕೆಲಸ ಮಾಡಲಾಗದ ರೋಗಿಗಳೂ ಇರುತ್ತಾರೆ. ವೈದ್ಯಪರೀಕ್ಷೆ ಮಾಡಿಸಿ ಕೆಲಸಕ್ಕೆ ತೆಗೆದುಕೊಂಡ, ಒಳ್ಳೆಯ ಸಂಬಳದ, ಕಂಪನಿಯ ಆಸ್ಪತ್ರೆಯಿರುವ ಕಾರ್ಮಿಕ ಇಂಥ ಹೋಲಿಕೆಯಲ್ಲಿ ಯಾವಾಗಲೂ ಗಟ್ಟಿಯಾಗಿಯೇ ಕಾಣುತ್ತಾನೆ. ಜೊತೆಗೆ ಅವರು ಎಣಿಸಿದ್ದು ಸಾವುಗಳನ್ನು. ಚಿಕಿತ್ಸೆಯಿಂದ ಹಲವು ವರ್ಷ ಬದುಕಿ ಬೇರೆ ಕಾರಣದಿಂದ ಸತ್ತ ಲಿಂಫೋಮಾ ರೋಗಿ ಆ ಎಣಿಕೆಗೆ ಸಿಗುವುದಿಲ್ಲ. ಮೂರು ಲಕ್ಷ ಎಂಬ ಸಂಖ್ಯೆ ಇಷ್ಟು ಸುಲಭವಾಗಿ ಸಿಕ್ಕಿದ್ದಾದರೂ ಏಕೆ? ತೈಲ ಕಂಪನಿಗಳಲ್ಲಿ ಹಾಜರಿ ಪುಸ್ತಕ, ಪಿಂಚಣಿ ಕಡತ, ವೈದ್ಯಕೀಯ ದಾಖಲೆ ಎಲ್ಲ ಇವೆ. ಜೋಡಿನ ಕೋಣೆಗಳಲ್ಲಿ ಯಾವುದೂ ಇಲ್ಲ. ಹೀಗಾಗಿ ಕಡಿಮೆ ಉಸಿರಾಡಿದವರ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚು, ಹೆಚ್ಚು ಉಸಿರಾಡಿದವರ ಬಗ್ಗೆ ಕಡಿಮೆ. 2007ರಲ್ಲಿ ಕ್ಯಾಲಿಫೋರ್ನಿಯಾದ ಮಾರ್ಟಿನ್ ಸ್ಮಿತ್ ಮತ್ತು ಸಂಗಡಿಗರು, ಬೆಂಜೀನ್ ಸಂಪರ್ಕ ಇದ್ದಿರಬಹುದಾದ ಕಸುಬುಗಳನ್ನು ಕುರಿತ, ರೋಗಿಗಳನ್ನು ರೋಗವಿಲ್ಲದವರೊಡನೆ ಹೋಲಿಸುವ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. 40ರಲ್ಲಿ ಲಿಂಫೋಮಾದ ಅಪಾಯ ಕೊಂಚವಾದರೂ ಏರಿತ್ತು, 23ರಲ್ಲಿ ಆ ಏರಿಕೆ ಆಕಸ್ಮಿಕವಲ್ಲ ಎನ್ನುವಷ್ಟು ಸ್ಪಷ್ಟವಾಗಿತ್ತು.

ಇಷ್ಟಾದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರ ಪರಿಶೀಲನೆಯಲ್ಲಿ ಲಿಂಫೋಮಾಕ್ಕೆ ಪುರಾವೆ ಸೀಮಿತ ಎಂದಿತು. ಆ ಸಂಸ್ಥೆ ಉದ್ಯಮದ ಗೆಳೆಯನಲ್ಲ, ಅದರ ಎಚ್ಚರವನ್ನು ಗೌರವಿಸಬೇಕು. ಆದರೆ ಅದೇ ಸಂಸ್ಥೆ 2015ರಲ್ಲಿ ಲಿಂಡೇನ್ ಎಂಬ ಕೀಟನಾಶಕ ಹಾಡ್ಜ್‌ಕಿನೇತರ ಲಿಂಫೋಮಾ ತರುತ್ತದೆಂದು ನಿಸ್ಸಂಶಯವಾಗಿ ತೀರ್ಮಾನಿಸಿತ್ತು. ಅಮೆರಿಕ, ಕೆನಡಾದ ಕೃಷಿ ಅಧ್ಯಯನಗಳಲ್ಲಿ ಕಂಡ ಅಪಾಯ ಶೇ. 60ರಷ್ಟು ಹೆಚ್ಚು, ಚೀನಾದ ಬೆಂಜೀನ್ ಅಧ್ಯಯನ ತೋರಿಸಿದ್ದಕ್ಕಿಂತ ಚಿಕ್ಕದು. ಬಳಸಿದವರು ಹೆಸರು, ಜಮೀನು, ಪರವಾನಗಿ ಇದ್ದ ರೈತರು. ಯಾವ ವರ್ಷ ಯಾವ ಔಷಧ ಸಿಂಪಡಿಸಿದರೆಂದು ಅವರನ್ನೇ ಕೇಳಬಹುದಿತ್ತು. ಬೆಂಜೀನಿಗೆ ಕ್ಲೋರಿನ್ ಸೇರಿಸಿ ಮಾಡುವುದೇ ಲಿಂಡೇನ್. ನಮ್ಮ ರೈತರು ಬಿಎಚ್‌ಸಿ ಎಂದು ಎರಚುತ್ತಿದ್ದ ಪುಡಿಯೊಳಗಿನ ಸತ್ವ ಅದು. ಎರಡು ವಸ್ತುಗಳ ವಿಷದ ಗುಣ ಬೇರೆಬೇರೆ, ಒಂದರ ತೀರ್ಪನ್ನು ಇನ್ನೊಂದಕ್ಕೆ ಹೊರಿಸುವಂತಿಲ್ಲ. ನಾನು ಹೇಳುತ್ತಿರುವುದು ತೀರ್ಪಿಗೆ ಬೇಕಾದ ಸಾಮಗ್ರಿ ಹೊಲದಲ್ಲಿ ಸಿಕ್ಕಿತು, ಜೋಡಿನ ಕೋಣೆಯಲ್ಲಿ ಸಿಗಲಿಲ್ಲ ಎಂಬುದನ್ನಷ್ಟೆ.

ಇನ್ನೊಂದು ಆಕ್ಷೇಪ ಹೆಚ್ಚು ನೋಯಿಸುವಂಥದ್ದು. ಪುರಾವೆಗೆ ಕಾಯದೆ ಅಂಟು ಬದಲಿಸಿದ ಜಪಾನ್, ಇಟಲಿಗಳಿಗೆ ಏನಾಯಿತು? ಬೆಂಜೀನಿನ ಜಾಗಕ್ಕೆ ಹೆಕ್ಸೇನ್ ಎಂಬ ದ್ರಾವಕ ಬಂತು. 1960ರ ದಶಕದ ಕೊನೆಯಲ್ಲಿ ಜಪಾನಿನ ಚಪ್ಪಲಿ ಕೆಲಸಗಾರರ ಕೈಕಾಲು ಜೋಮು ಹಿಡಿದವು, ನಡೆಯುವ ಶಕ್ತಿ ಕುಂದಿತು. 1,662 ಜನರನ್ನು ಪರೀಕ್ಷಿಸಿದಾಗ 93 ಜನರ ನರಗಳು ಹಾಳಾಗಿದ್ದವು. ಇಟಲಿಯ ಜೋಡಿನ ಊರುಗಳಲ್ಲೂ ಅಂಟಿನ ಲಕ್ವ ಕಾಣಿಸಿಕೊಂಡಿತು. ಅವಸರದ ಬದಲಾವಣೆಗೆ ಇದೇ ಶಿಕ್ಷೆ ಎಂದು ವಾದಿಸಬಹುದು. ಆದರೆ ಹೆಕ್ಸೇನ್ ನರವನ್ನು ಕೆಡಿಸಿದ್ದೂ ಬೆಂಜೀನ್ ರಕ್ತವನ್ನು ಕೆಡಿಸಿದ್ದೂ ಅದೇ ಕೋಣೆಗಳಲ್ಲಿ, ಅದೇ ಮುಚ್ಚಿದ ಕಿಟಕಿಯ ಒಳಗೆ. ಬದಲಿಸಿದ್ದು ದ್ರಾವಕವನ್ನು, ಗಾಳಿಯನ್ನಲ್ಲ. ಹೆಕ್ಸೇನಿನಿಂದ ಕೆಟ್ಟ ನರ ಸಂಪರ್ಕ ತಪ್ಪಿದಮೇಲೆ ಬಹಳಷ್ಟು ಜನರಲ್ಲಿ ತಿಂಗಳು, ವರ್ಷಗಳಲ್ಲಿ ಚೇತರಿಸಿಕೊಳ್ಳುತ್ತದೆ, ರಕ್ತಕ್ಯಾನ್ಸರ್ ಹಾಗಲ್ಲ ಎಂಬುದನ್ನೂ ತೂಕಕ್ಕೆ ಹಾಕಬೇಕಾಗುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1971ರಲ್ಲಿ ಬೆಂಜೀನಿಗೆಂದೇ ಒಂದು ಒಡಂಬಡಿಕೆ ಮಾಡಿತು. ಭಾರತ ಅದನ್ನು 1991ರಲ್ಲಿ ಒಪ್ಪಿಕೊಂಡಿತು. ನಮ್ಮ ಕಾರ್ಖಾನೆ ಕಾಯ್ದೆಯ ಅನುಸೂಚಿಗಳಲ್ಲಿ ಬೆಂಜೀನಿಗೆ ಮಿತಿ ಇತ್ತು, ವೈದ್ಯ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲೂ ಬೆಂಜೀನ್ ವಿಷಕ್ಕೆ ಜಾಗವಿತ್ತು. ಆದರೆ 1948ರ ಆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. 2020ರ ಹೊಸ ಸಂಹಿತೆ ಅದನ್ನು 20 ಮತ್ತು 40ಕ್ಕೆ ಏರಿಸಿದೆ. ಅಕ್ಸೊಯ್ ಹೊಕ್ಕಂಥ ಕೋಣೆಗಳು ಎರಡೂ ಲೆಕ್ಕದಲ್ಲಿ ಬಹುಮಟ್ಟಿಗೆ ಹೊರಗೇ ಉಳಿಯುತ್ತವೆ. ಮನೆಯಲ್ಲಿ ಕೂತು ದುಡಿಯುವವರನ್ನು ಕಾನೂನಿನ ಒಳಗೆ ತರುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ದಕ್ಷಿಣ ಕನ್ನಡದ ಮನೆ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಡಿ ಕಾರ್ಮಿಕರೆಂದೇ ಗಣನೆಗೆ ಬಂದರು; ಜಪಾನ್ ತನ್ನ ಚಪ್ಪಲಿ ಕೆಲಸಗಾರರಂಥವರಿಗಾಗಿ ಮನೆಯಲ್ಲೇ ದುಡಿಯುವವರ ಕಾಯ್ದೆ ಮಾಡುವುದಕ್ಕಿಂತ ನಾಲ್ಕು ವರ್ಷ ಮೊದಲು. ಮನೆಯಲ್ಲೇ ಜೋಡು ಅಂಟಿಸುವವರಿಗೆ ಅಂಥ ಕಾಯ್ದೆಯಿಲ್ಲ. ಅವರಲ್ಲಿ ಯಾರಿಗೆ ಕತ್ತಿನಲ್ಲಿ ಗಡ್ಡೆ ಎದ್ದರೂ ಆಸ್ಪತ್ರೆಯ ಚೀಟಿಯಲ್ಲಿ ಕಸುಬಿನ ಮುಂದೆ ಬರೆಯುವುದು ಕೂಲಿ ಎಂದು.